ಸುಣ್ಣ ಅಲ್ಲ

ಹೋಳಿ ಹುಣ್ಣಿವಿ ಆತು. ಇನ್ನ ಮುಂದ
ಬಂಡೆ ಮುಟ್ಟಿದರ ಕೈ ಸುಡತಾವ, ಗಿರಾಕಿ ಬರೂದಿಲ್ಲ.
ಬಿದ್ದವರಿಗೆ ಹಾಸೋ ಬಾಡಿಗಿ ಗಾದಿ
ಹದಿನಾಲ್ಕೂ ಎಣಿಸಿ ಒಳಗಿಟ್ಟು,
ಒಂದು ಕೊಡ ನೀರು, ಮೂರು ಹಳೇ ಹಲ್ಲುಜ್ಜೋ ಬ್ರಷ್ಷು
ಹಿಡಕೊಂಡು ಹೊಂಟೀನಿ
ಸಾಣಾಪುರದ ಕೆರಿ ದಾಟಿ, ಭತ್ತದ ಬದುವಿನ ಮ್ಯಾಲ.

ಕೈ ಇಟ್ಟ ಕಡೆಯೆಲ್ಲಾ ಬಿಳಿ ಕಲೆ.
ಕಳೆ ಕೀಳಾಕ ಹೊಂಟ ದುರುಗವ್ವಾಯಿ ನಿಂತು ಕೇಳತಾಳ:
"ಯಾರೋ ತಮ್ಮಾ, ಬಂಡೆಗೆ ಸುಣ್ಣ ಬಳದವರು?
ಎಲಿ ಅಡಿಕಿಗಾದರೂ ಬರತೈತೇನು?"
ಬರಂಗಿಲ್ಲ ಆಯಿ. ಸುಣ್ಣ ಅಲ್ಲ ಇದು.
ಎಲ್ಲಿಯದೋ ಒಂದು ಗುಡ್ಡ ಅಗದು, ಪುಡಿ ಮಾಡಿ
ಹಡಗಿನಾಗ ಹೇರಿ ತಂದದ್ದು,
ನಮ್ಮ ಗುಡ್ಡದ ಮ್ಯಾಲ ಕೈ ಜಾರಬಾರದಂತ.
ಆಕಿ ನಕ್ಕಳು. ಬಾಯಿ ಕೆಂಪು.

ನಮ್ಮಪ್ಪ ಕಲ್ಲು ಒಡೀತಿದ್ದ.
ಈ ಬಂಡೆ ಬೆನ್ನಿಗೆ ಅವನ ಉಳಿ ಕೊರದ ತೂತು
ಹನ್ನೊಂದು ಅದಾವ ಇನ್ನೂ, ಸಾಲಾಗಿ.
ಹನ್ನೆರಡನೇದು ಹೊಡಿಯೂದರಾಗ ಕ್ವಾರಿ ಬಂದ್ ಆತು.
ಆ ತೂತಿನಾಗ ಎರಡೆರಡು ಬೆರಳಿಟ್ಟು
ಪೋಲೆಂಡಿನ ಹುಡುಗಿ ಮ್ಯಾಲೇರಿದಳು,
ಯಾರು ಕೊರದದ್ದಂತ ಇಳಿದು ಬಂದು ಕೇಳಿದಳು.
ಈಗ ಆ ದಾರಿ ಹೆಸರು 'ಅಪ್ಪ'.

ತಿಕ್ಕತೀನಿ.
ಹಾಲಿನಂಥ ನೀರು ಇಳೀತೈತಿ, ಅದರ ಜೋಡಿ
ಕಲ್ಲುಹೂವೂ ಹೋಗತೈತಿ.
ಅವ್ವ ಮಸಾಲಿಗೆ ಹಾಕೋ ಜಾತೀದಲ್ಲ,
ಕಲ್ಲಿಗೇ ಅಂಟಿದ್ದು, ಬೂದಿ ಹಳದಿ,
ಉಗುರಿನಷ್ಟು ಅಗಲ ಆಗಾಕ
ನನ್ನ ವಯಸ್ಸಷ್ಟು ವರ್ಷ ಬೇಕಂತ.
ಬ್ರಷ್ಷಿಗೇನು ಗೊತ್ತು, ಯಾವುದು ಹೊಲಸು, ಯಾವುದು ಜೀವ.
ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ,
ಈ ಬಂಡೆಗೆ ಎರಡೂ ಕಣ್ಣಿಗೆ ಸುಣ್ಣನ.
ತಿಕ್ಕುವವನೂ ನಾನ,
ಆ ಪುಡಿ ಪಾಕೀಟು ಮಾರುವವನೂ ನಾನ.

ಮಳಿ ಬಂದರ ತಾನೇ ತೊಳೀತೈತಿ ಅಂತಾರ.
ಬಯಲಾಗಿಂದು ತೊಳೀತೈತಿ, ಖರೆ.
ಈ ಕಲ್ಲಾಸರಿ ಒಳಗ ಮಳಿ ಎಂದೂ ಬಂದಿಲ್ಲ.
ಬಂದಿದ್ದರ, ಯಾವ ಕಾಲದ್ದೋ ಈ ಕೆಮ್ಮಣ್ಣಿನ ಹೋರಿ
ಇಷ್ಟು ದಿನ ನಿಂತಿರತಿತ್ತೇನು?

ಅದರ ಡುಬ್ಬದಿಂದ ಒಂದು ಗೇಣು ದೂರ
ಐದು ಬೆರಳಿನ ಬಿಳಿ ಗುರುತು.
ಇಲ್ಲಿ ನೀರು ಹಾಕಂಗಿಲ್ಲ, ಬ್ರಷ್ ತಾಗಿಸಂಗಿಲ್ಲ.
ಕೊಡ ಇಳಿಸಿ
ಕೈ ಎತ್ತಿ ಅದರ ಮುಂದ ಹಿಡೀತೀನಿ, ಮುಟ್ಟದಂಗ.

ಕಿರುಬೆರಳು ಸೊಟ್ಟ.
ಅದರದೂ ಸೊಟ್ಟ.