ಕೊಳಗದ ಹೊಟ್ಟೆ

ಸವೆಲುಗು ದಾಟಿದ ಮೇಲೆ ಟಾರು ಮುಗಿಯುತ್ತದೆ.
ಆಮೇಲಿನದೆಲ್ಲ ಕೆಂಪು.
ಬೈಕಿನ ಕನ್ನಡಿ, ನನ್ನ ಹಲ್ಲು, ಟ್ಯಾಬ್ಲೆಟ್ಟಿನ ಚೀಲ
ಎಲ್ಲಕ್ಕೂ ಒಂದೇ ಬಣ್ಣ ಬಳಿದು
ರಸ್ತೆ ನನ್ನನ್ನು ಹನ್ನೊಂದನೇ ಮನೆಗೆ ಒಪ್ಪಿಸಿತು.

ಅವಳು ತಿಪಾಗ್ಯಾ. ವಯಸ್ಸು?
'ಸೇತುವೆ ಕೊಚ್ಚಿಹೋದ ವರ್ಷ ನಡೆಯಲು ಕಲಿತೆನಂತೆ.'
ನಲವತ್ತೊಂದು ಎಂದು ಒತ್ತಿದೆ.
ಟ್ಯಾಬ್ಲೆಟ್ಟು ಒಪ್ಪಿತು.
ಅದಕ್ಕೆ ಬೇಕಿದ್ದದ್ದು ಅಂಕಿ, ಸೇತುವೆಯಲ್ಲ.

ಸೂರು ಯಾವುದರದು?
ಒಂದು ಕೋಣೆಗೆ ತಗಡು, ಎರಡಕ್ಕೆ ಹುಲ್ಲು.
ತಗಡಿಗೆ ಅಂಕ ಹೆಚ್ಚು.
ತಗಡು ಹೊದ್ದವರು ಬಡತನದ ಗೆರೆಯ ಕಡೆಗೆ
ಒಂದು ಗೇಣು ಏರುತ್ತಾರೆ
ಎಂದು ತಮಾಲೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.
'ಬಾ, ಅದರೊಳಗೇ ಕೂತು ಬರಿ' ಎಂದಳು.
ಮಾರ್ಚಿನ ಮಧ್ಯಾಹ್ನ. ಎರಡು ನಿಮಿಷ ಕೂತೆ.
ಆಮೇಲೆ ಇಬ್ಬರೂ ಮಾತಿಲ್ಲದೆ
ಹುಲ್ಲಿನ ಕೆಳಗೆ ಬಂದೆವು.
ತಗಡಿನ ಕೋಣೆಯಲ್ಲಿ ಮಲಗುವುದು
ಗುದ್ದಲಿ, ಸತ್ತ ರೇಡಿಯೋ,
ಮತ್ತೆ ಮನೆಯ ಮರ್ಯಾದೆ.

ಕಳೆದ ಏಳು ದಿನದಲ್ಲಿ ಮಾಂಸ ಎಷ್ಟು ಸಲ?
'ಯಾವ ಏಳು?
ಭಾವನ ಸಾವಿನ ಊಟ ಬಂದ ಏಳೋ, ಬಾರದ ಏಳೋ?'
ಬಂದದ್ದೇ, ಎಂದೆ. ಕಾಲಂ ಕೇಳಿದ್ದು ಅದನ್ನೇ.
ಹೀಗೆ ಸತ್ತವನೊಬ್ಬ
ಉಳಿದವರನ್ನು ಇನ್ನೊಂದು ಬೆರಳು ಮೇಲೆತ್ತಿದ.

ಉಳಿತಾಯ?
ಸೊಂಟದ ಗಂಟಿನಿಂದ ಕೀಲಿಕೈ ತೆಗೆದು ತೋರಿಸಿ
ಮತ್ತೆ ಸಿಕ್ಕಿಸಿಕೊಂಡಳು.
ಪೆಟ್ಟಿಗೆಗೆ ಮೂರು ಬೀಗ, ಮೂವರು ಹೆಂಗಸರು, ಮೂರು ದಿಕ್ಕಿನ ಮನೆ.
ಪೆಟ್ಟಿಗೆ ಮಾತ್ರ ನಾಲ್ಕನೆಯವಳ ಮಂಚದಡಿ.
'ದುಡ್ಡು ಇಪ್ಪತ್ತೈದು ಜನರದು.
ತೆಗೆಯುವುದರಲ್ಲಿ ಮಾತ್ರ ಮೂರರಲ್ಲೊಂದು ಪಾಲು ನನ್ನದು.'
ಸೊನ್ನೆ ಎಂದು ಒತ್ತಿದೆ.
ಆ ಸೊನ್ನೆಯಿಂದಲೇ ಹೋದ ಸಲ
ನಾಪಾರಿಯ ಸೊಸೆಯ ಹೆರಿಗೆಗೆ ನಡುರಾತ್ರಿ ವ್ಯಾನು ಬಂತು
ಎಂದಳು ಅಂಗಳದಲ್ಲಿ ಬೀಜ ಕುಟ್ಟುತ್ತಿದ್ದ ಹುಡುಗಿ,
ತಲೆಯೆತ್ತದೆ.

ಶಿಯಾ ಬೆಣ್ಣೆಯ ಬೀಜ. ಎಷ್ಟು ಕೊಳಗ ಮಾರಿದಿರಿ?
'ನಮ್ಮ ಕೊಳಗದಲ್ಲೋ, ಅವರ ಕೊಳಗದಲ್ಲೋ?'
ಎದ್ದು ಹೋಗಿ ಎರಡು ತಂದಿಟ್ಟಳು.
ಒಂದು ಅವಳದು. ಇನ್ನೊಂದು
ತಳ ಸೀಳಿತೆಂದು ವ್ಯಾಪಾರಿ ಬಿಸುಟು ಹೋದದ್ದು.
ಬಾಯಿ ಎರಡಕ್ಕೂ ಒಂದೇ ಅಗಲ.
ಎರಡನೆಯದಕ್ಕೆ ಮಾತ್ರ ದಿನ ತುಂಬಿದ ಹೊಟ್ಟೆ.

'ಕಮ್ಮಾರನಿಗೆ ಕೊಟ್ಟು ಒಳಗಿನಿಂದ ಬಡಿಸುತ್ತಾರೆ.
ನಾವು ಹಾವಿಗೆ ಅಂಜುತ್ತ ನಸುಕಿನಲ್ಲಿ ಆಯ್ದದ್ದು
ಅದರೊಳಗೆ ಇಳಿಯುತ್ತಲೇ ಇರುತ್ತದೆ, ಇಳಿಯುತ್ತಲೇ.
ಬೆಲೆ ಏರಿತು ಎಂದು ರೇಡಿಯೋ ಹೇಳಿತು ನೋಡು,
(ಅದು ಸತ್ತದ್ದು ಆಮೇಲೆ)
ಅದೇ ವರ್ಷ ಕೊಳಗ ಬಸುರಾಯಿತು.
ಇದನ್ನು ಬರಿ.'

ಇದಕ್ಕೆ ಪ್ರಶ್ನೆಯಿಲ್ಲ, ಎಂದೆ.
'ಹಾಗಾದರೆ ಕೇಳು.'

ಕೇಳಿದೆ.
ಸೀಳಿಗೆ ಬಟ್ಟೆ ತುರುಕಿ, ತುಂಬಿಸಿ, ಅದರಿಂದ ಇದಕ್ಕೆ ಸುರಿದಳು.
ಇದು ತುಂಬಿ, ತಲೆಗಟ್ಟಿ, ಇನ್ನೂ ಮಿಕ್ಕು
ಮೂರು ಮುಷ್ಟಿ ನೆಲದ ಮೇಲೆ.
ಕೋಳಿಯೊಂದು ಬಂದು ಮೂಸಿ ಹೋಯಿತು.

'ಇತರೆ' ಎಂಬಲ್ಲಿ ಅರವತ್ತು ಅಕ್ಷರಕ್ಕಷ್ಟೇ ಎಡೆ.
ಕೊಳ್ಳುವವರ ಅಳತೆ ಬಡಿದು ಹಿಗ್ಗಿಸಿದ್ದು,
ಕೊಳಗಕ್ಕೆ ಮೂರು ಮು
ಅಲ್ಲಿಗೆ ನಿಂತಿತು.
'ಓದು' ಎಂದಳು.
ಇಲ್ಲದ ಅಕ್ಷರಗಳನ್ನೂ ಸೇರಿಸಿ ಓದಿದೆ,
ಮುಷ್ಟಿಯನ್ನು ಪೂರ್ತಿ ಮಾಡಿ,
ಕಮ್ಮಾರನನ್ನೂ ಹಾವನ್ನೂ ಹಾಕಿ.
ಅವಳು ತಲೆದೂಗಿದಳು. ಸರಿಯಾಗಿದೆ ಎಂದಳು.

ನನ್ನ ಶಾಲೆಯ ಫೀಜೂ ಇದೇ ಬೀಜದ್ದು.
ಎಷ್ಟು ಮುಷ್ಟಿ ಎಲ್ಲಿ ಇಳಿದುಹೋಯಿತೋ
ಅವ್ವ ಹೇಳಲಿಲ್ಲ, ನಾನು ಕೇಳಲಿಲ್ಲ.

ಹಿಂತಿರುಗುವಾಗ ಸಂತೆಯ ಮೂಲೆಯಲ್ಲಿ ಟಣ್ ಟಣ್.
ಕಮ್ಮಾರ ಕೈಯೆತ್ತಿ ಸಲಾಂ ಹೇಳಿದ.
ಮೂರು ಮಕ್ಕಳು ಓದುತ್ತಿದ್ದಾರೆ ಅವನಿಗೆ,
ನಾಳಿನ ಪಟ್ಟಿಯಲ್ಲಿ ಅವನ ಹೆಸರಿದೆ.
ಸೂರು: ತಗಡು, ಹೊಸದು.
ರಸ್ತೆಯಿಂದಲೇ ಕಣ್ಣು ಕುಕ್ಕುತ್ತದೆ.