ಮೀನಿನ ಕಣ್ಣು

ಮೂರು ತುಂಬಿದ ಡಾಗುರನಿಗೆ
ಜಿರಾಫೆ ಗೊತ್ತು, ಆಕ್ಟೋಪಸ್ ಗೊತ್ತು,
ಎಲ್ಲ ಇಂಗ್ಲಿಷಿನಲ್ಲೇ. ಐಸ್‌ಲ್ಯಾಂಡಿಕ್
ನಾಲಿಗೆಗೆ ಹತ್ತಿಲ್ಲ ಇನ್ನೂ.
ರಾತ್ರಿಪಾಳಿ ಮುಗಿಸಿ ಬಂದು, ಒಂದಿಷ್ಟು ನಿದ್ದೆಗೆಂದು
ಟ್ಯಾಬ್ಲೆಟ್ಟು ಕೈಗಿಟ್ಟವಳು ನಾನೇ.

ಇವತ್ತು ನನ್ನಪ್ಪ ದೋಣಿಯಿಂದ ಬಂದವರು
ಅಡುಗೆಮನೆ ಮೇಜಿಗೆ ದೊಪ್ಪನೆ ಕೆಡವಿದರು
ಮಗುವಿನಷ್ಟೇ ಉದ್ದದ ಮೀನು.
"ಇದೇನು ಹೇಳು?"
"ಫಿಶ್."
"ಅಲ್ಲವೋ. ಥೋರ್ಸ್ಕುರ್."

ಅವನು ಮೇಜಿಗೆ ಒಂದು ಸುತ್ತು ಹಾಕಿ
ಎಲ್ಲಿ ಒತ್ತಬೇಕೆಂದು ಹುಡುಕಿ
ಕಣ್ಣಿಗೆ ಬೆರಳಿಟ್ಟು ಒತ್ತಿದ.

ಅಪ್ಪ ನನ್ನತ್ತ ನೋಡಿದರು. ಬೈಯುತ್ತಾರೆ ಅಂದುಕೊಂಡೆ.
"ಥೋರ್ಸ್ಕುರ್" ಅಂದರು ಮತ್ತೆ, ಮೀನಿನ ಪರವಾಗಿ.
ಒತ್ತಿದ. ಅಂದರು. ಒತ್ತಿದ.
ಹದಿನಾಲ್ಕನೆಯ ಸಲ ಅಪ್ಪನಿಗೆ ಕೆಮ್ಮು ಬಂತು,
ಮಾತು ಅರ್ಧಕ್ಕೆ ನಿಂತಿತು.

ಬೆರಳು ಮೂಸಿ, ಮುಖ ಕಿವುಚಿ
ಉಳಿದರ್ಧ ಡಾಗುರ್ ಹೇಳಿದ:
"ಸ್ಕುರ್."