ಕೆಳಮನೆಯ ಕಿವಿ

ಬರ್ನೋ ಊರಿನ ಕಾಂಕ್ರೀಟು ವಠಾರ, ಐದನೇ ಮಹಡಿ.
ನನ್ನ ಸೂರೇ ವ್ಲಾಸ್ತಾ ಕ್ರೇಚ್ಕೋವಾಳ ನೆಲ.
ನಡುವೆ ಒಂದು ಗೇಣು ಸಿಮೆಂಟು,
ಅದರೊಳಗೆ ತುಕ್ಕು ಹಿಡಿದ ಸರಳು, ಮತ್ತೆ
ಮೂವತ್ತು ವರ್ಷದ ಬರಿಯ ನಮಸ್ಕಾರ.

ಒಂದೇ ಸಿಂಫನಿಯ ಹನ್ನೊಂದು ರೆಕಾರ್ಡು ಕೇಳಿ
ಮನೆಯಲ್ಲಿ ಕೂತು ಕೇಳುವವರು
ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ
ಎಂದು ಮಾಸಪತ್ರಿಕೆಗೆ ಬರೆದುಕೊಡುವುದು ಆಕೆಯ ಕೆಲಸ.
ನನ್ನದು ಟ್ರಾಮಿನ ಬ್ರೇಕು ರಿಪೇರಿ.
ಒಂದೇ ಕಸುಬೆನ್ನಿ ಬೇಕಾದರೆ:
ಕಿವಿಗೊಟ್ಟು, ಎಲ್ಲಿ ಉಜ್ಜುತ್ತಿದೆ ಎಂದು ಹೇಳುವುದು.

ಕೊಳಲು ನನ್ನತನಕ ಇಳಿಯುವುದಿಲ್ಲ.
ಪಿಟೀಲು ಬರುತ್ತದೆ, ದೂರದಲ್ಲಿ ಯಾರೋ
ಹಿಟ್ಟು ಜರಡಿ ಹಿಡಿದ ಹಾಗೆ.
ಪೂರಾ ಇಳಿಯುವುದು ಡಬಲ್ ಬೇಸು, ನಗಾರಿ,
ಆಮೇಲೆ ಆಕೆಯ ಚಪ್ಪಲಿ:
ಎದ್ದಳು. ಮುಳ್ಳೆತ್ತಿದಳು. ಮೊದಲಿಂದ ಹಾಕಿದಳು.

ಸೋಮವಾರದ್ದು ಮೇಜು ಎಳೆದಾಡಿದ ಸದ್ದು.
ಮಂಗಳವಾರದ್ದು ಓಡಿತು, ಕೊನೇ ಟ್ರಾಮು
ನಿಲ್ದಾಣ ಹಾರಿಸಿ ಡಿಪೋ ಸೇರುವ ಹಾಗೆ.
ನನ್ನವಳಿದ್ದಿದ್ದರೆ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದಳು.
ಕುಟ್ಟಿದ್ದಳು ಕೂಡ, ಎಂಬತ್ತೊಂಬತ್ತರಲ್ಲಿ, ಒಮ್ಮೆ,
ತಾಳಕ್ಕೆ ಎಷ್ಟು ಸರಿಯಾಗಿ ಎಂದರೆ
ಆ ತಿಂಗಳ ಪತ್ರಿಕೆಯಲ್ಲಿ ಅಚ್ಚಾಗಿತ್ತು:
"ನಗಾರಿ ತುಸು ಹೆಚ್ಚೇ ಹತ್ತಿರ."

ಗುರುವಾರ ಆಲೂಗಡ್ಡೆ ಸುಲಿಯುತ್ತಿದ್ದೆ.
ನಿಧಾನದ ಭಾಗ. ಬೇಸು ಇಳಿಯತೊಡಗಿತು.
ಗುದ್ದಲಿಲ್ಲ, ದಬ್ಬಲಿಲ್ಲ;
ತುಂಬಿದ ಬಕೆಟ್ಟು ತುಳುಕದ ಹಾಗೆ
ಒಂದೊಂದೇ ಮೆಟ್ಟಿಲು ಇಳಿಸಿ ತಂದರು ಎಂಟು ಜನ.
ಎಂಟೇ ಎಂದು ಹೇಗೆ ಗೊತ್ತಾಯಿತೋ, ಗೊತ್ತಾಯಿತು.
ಕೊನೆಯವನು ಕೂದಲೆಳೆಯಷ್ಟು ತಡ.
ಕಪಾಟಿನಲ್ಲಿ ಮದುವೆಯ ಗಾಜಿನ ಲೋಟಗಳು
(ಆರರಲ್ಲಿ ಉಳಿದದ್ದು ಮೂರು)
ಜುಂ ಎಂದವು.
ಚಾಕು ನಿಂತಿತು. ಸಿಪ್ಪೆ ಅರ್ಧಕ್ಕೇ ನೇತಾಡಿತು.

ಶನಿವಾರ ಲಿಫ್ಟಿನಲ್ಲಿ ಸಿಕ್ಕಳು, ಕಣ್ಣಡಿ ಕಪ್ಪು.
"ತೊಂದರೆ ಕೊಟ್ಟೆನೇನೋ, ಹೊರಾಲೆಕ್ ಅವರೇ?"
"ಗುರುವಾರದ್ದು ಯಾವುದು?" ಅಂದೆ.
"ಅದಾ? ಹಳೇದು. ಮೋನೋ. ಎಡವಿಲ್ಲ, ಬಲವಿಲ್ಲ.
ಸಭೆಯ ತುಂಬ ನೆಗಡಿ.
ಬಾಣಲೆಯಲ್ಲಿ ಎಣ್ಣೆ ಕಾದಂತೆ ಉದ್ದಕ್ಕೂ ಚುರುಚುರು.
ಎರಡು ನಕ್ಷತ್ರ ಕೊಟ್ಟಿದ್ದೇನೆ, ಅದೂ ಕನಿಕರಕ್ಕೆ."
"ನೆಗಡಿ ನನ್ನ ಮನೆಗೆ ಇಳಿಯಲಿಲ್ಲ" ಅಂದೆ.
ಐದರಲ್ಲಿ ಬಾಗಿಲು ತೆರೆಯಿತು. ನಾನಿಳಿಯಲಿಲ್ಲ. ಮುಚ್ಚಿತು.
ಆರರಲ್ಲಿ ತನ್ನ ಬೀಗದ ಕೈ ನನ್ನ ಕೈಗಿಟ್ಟು
ನನ್ನದನ್ನು ಇಸಿದುಕೊಂಡು
ಮೆಟ್ಟಿಲಿಳಿದು ಹೋದಳು.

ಆಕೆಯ ಕುರ್ಚಿ, ಆಕೆಯ ದೊಡ್ಡ ಸ್ಪೀಕರು, ಗೋಡೆ ತುಂಬ ಬೆನ್ನು ತೋರಿಸಿ ನಿಂತ ರೆಕಾರ್ಡು.
ಹೇಳಿಕೊಟ್ಟಂತೆ ಮುಳ್ಳಿಟ್ಟೆ, ಕೈ ತುಸು ನಡುಗಿತು.
ಎಣ್ಣೆ ಕಾಯಿತು. ಯಾರೋ ಕೆಮ್ಮಿದರು,
ಇನ್ಯಾರೋ ಅದಕ್ಕೆ ಉತ್ತರ ಕೊಟ್ಟರು.
ಎರಡೇ ನಕ್ಷತ್ರ ಸರಿ, ಅನ್ನಿಸಿತು ನನಗೂ.
ಬೇಸು ಬಂದಾಗ ನೆಲವನ್ನೇ ನೋಡಿದೆ,
ನೀರು ಹೋಗುವ ತೂತನ್ನು ನೋಡುವ ಹಾಗೆ:
ಆಕೆಗೆ ಮುಟ್ಟಿತೋ ಇಲ್ಲವೋ.

ಆಗ ಕೊಳಲು.
ಇಷ್ಟು ವರ್ಷ ಅದು ಇಲ್ಲೇ ಇತ್ತು,
ನನ್ನ ತಲೆಯ ಮೇಲೆ, ಮೂರು ಮೊಳ ದೂರದಲ್ಲಿ.

ಕೆಳಗೆ ಹೋದಾಗ ಮಾತಾಡಲಿಲ್ಲ ಆಕೆ.
ಬೆಳಗ್ಗೆ ನಾನು ಅರ್ಧ ಬಿಟ್ಟಿದ್ದ ಆಲೂಗಡ್ಡೆಯನ್ನೆಲ್ಲ
ಸುಲಿದಿಟ್ಟಿದ್ದಳು, ತೀರಾ ದಪ್ಪಕ್ಕೆ.
ಕಪಾಟಿನ ಬಾಗಿಲು ತೆರೆದಿತ್ತು.

ಡಿಸೆಂಬರಿನ ಸಂಚಿಕೆ, ಪುಟ ಹದಿನಾಲ್ಕು:
"ಎರಡು ನಕ್ಷತ್ರ. ಕೆಳಮನೆಯವರಿಗೆ ಐದು."
ಅಚ್ಚಿನ ತಪ್ಪಿರಬೇಕೆಂದು
ಮೂವರು ಓದುಗರು ಪತ್ರ ಬರೆದರಂತೆ.